ತುಟಿ ಯಾರದ್ದೋ, ಮಾತು ಯಾರದ್ದೋ

ನಂಜನಗೂಡಿನ ಬಸ್ ನಿಲ್ದಾಣಕ್ಕೆ ಕನ್ನಡ ಸಿನಿಮಾದ ಚರಿತ್ರೆಯಲ್ಲಿ ಒಂದು ಪುಟ್ಟ ಜಾಗವಿದೆ. 'ಬೇಡರ ಕಣ್ಣಪ್ಪ' ಚಿತ್ರಕ್ಕೆ ನಾಯಕನನ್ನು ಹುಡುಕುತ್ತಿದ್ದ ಎಚ್.ಎಲ್.ಎನ್. ಸಿಂಹ ಅವರ ಕಣ್ಣಿಗೆ, ಹೆಂಡತಿಯ ಜೊತೆ ನಿಂತಿದ್ದ ನಾಟಕದ ಹುಡುಗ ಮುತ್ತುರಾಜ ಬಿದ್ದದ್ದು ಅಲ್ಲೇ ಎಂಬ ಕಥೆಯನ್ನು ಈ ಕಡೆಯವರು ಈಗಲೂ ಹೇಳುತ್ತಾರೆ. 1954ರಲ್ಲಿ ಚಿತ್ರ ತೆರೆಗೆ ಬಂತು. ಗಾಜನೂರಿನ ಮುತ್ತುರಾಜ ರಾಜಕುಮಾರ್ ಆದರು. ಅದೇ ಚಿತ್ರದಲ್ಲಿ ಬಣ್ಣ ಹಚ್ಚಿದ್ದ ಇನ್ನೊಬ್ಬರು ಜಿ.ವಿ. ಅಯ್ಯರ್. 1917ರಲ್ಲಿ ನಂಜನಗೂಡಿನಲ್ಲೇ ಹುಟ್ಟಿ, ಹುಡುಗರಾಗಿದ್ದಾಗಲೇ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದವರು.

ಪರಭಾಷೆಯ ಚಿತ್ರಕ್ಕೆ ಕನ್ನಡದ ಮಾತು ಕೂಡಿಸಬೇಕೇ ಬೇಡವೇ ಎಂಬ ಐವತ್ತು ವರ್ಷಗಳ ಜಗಳಕ್ಕೆ ಇವರಿಬ್ಬರೂ ಬೇರೆ ಬೇರೆ ರೀತಿಯಲ್ಲಿ ಸಂಬಂಧಪಟ್ಟವರು. ಡಬ್ಬಿಂಗ್ ವಿಷಯ ಬಂದಾಗಲೆಲ್ಲ ನಾವು ಸಂಸ್ಕೃತಿ, ಮಾರುಕಟ್ಟೆ, ನ್ಯಾಯಾಲಯ ಎಂದು ಮಾತಾಡಿದ್ದೇವೆ. ಆ ಮಾತನ್ನು ಆಡಬೇಕಾದ ಗಂಟಲು ಯಾರದು, ಅವರು ಎಲ್ಲಿ ಕಲಿತು ಬಂದರು, ಯಾವ ಊರಿನ ಕನ್ನಡ ಆಡಬೇಕು ಎಂಬುದನ್ನು ಮಾತ್ರ ಯಾರೂ ಕೇಳಿಕೊಳ್ಳಲಿಲ್ಲ.

ಚರಿತ್ರೆಯಲ್ಲಿ ಒಂದು ತಮಾಷೆಯಿದೆ. ಭಾರತದ ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಡಬ್ ಆದ ಮೊದಲ ಚಿತ್ರ ಎಂದು ಹೆಸರಾಗಿರುವುದು ಕನ್ನಡದ್ದೇ. ಎ.ವಿ. ಮೆಯ್ಯಪ್ಪನ್ 1943ರಲ್ಲಿ ತಯಾರಿಸಿದ 'ಸತ್ಯ ಹರಿಶ್ಚಂದ್ರ'ದಲ್ಲಿ ಆರ್. ನಾಗೇಂದ್ರರಾಯರು, ಎಂ.ವಿ. ಸುಬ್ಬಯ್ಯ ನಾಯ್ಡು ಇದ್ದರು. ಮರುವರ್ಷ ಅದು ತಮಿಳು ಮಾತು ತೊಟ್ಟು 'ಹರಿಶ್ಚಂದ್ರ'ನಾಗಿ ತಮಿಳುನಾಡಿನ ಟೆಂಟುಗಳಿಗೆ ಹೋಯಿತು. ಅಂದರೆ ಈ ವಿದ್ಯೆಯನ್ನು ನಾವು ಮೊದಲು ಕಂಡದ್ದು ಕೊಡುವವರಾಗಿ. ಅಯ್ಯರ್ ಮೊದಲು ಕ್ಯಾಮೆರಾ ಎದುರು ನಿಂತ 'ರಾಧಾರಮಣ' ಬಂದದ್ದೂ 1943ರಲ್ಲೇ. ಅದೇ ವರ್ಷ ತಿರುಮಕೂಡಲು ನರಸೀಪುರದ ಟಿ. ಚೌಡಯ್ಯನವರು 'ವಾಣಿ' ಎಂಬ ಚಿತ್ರ ತಯಾರಿಸಿದರು. ಮೈಕಿಲ್ಲದ ಕಾಲದ ಕಛೇರಿಯಲ್ಲಿ ಹಿಂದಿನ ಸಾಲಿನವರಿಗೂ ಪಿಟೀಲು ಕೇಳಲಿ ಎಂದು ನಾಲ್ಕು ತಂತಿಯ ಜಾಗದಲ್ಲಿ ಏಳು ತಂತಿ ಕಟ್ಟಿದ ಮನುಷ್ಯ ಅವರು. ನಾದ ಕಿವಿಗೆ ಮುಟ್ಟಬೇಕು ಎಂಬ ಹಟ ಟಿ. ನರಸೀಪುರದ ನೀರಿನಲ್ಲೇ ಇತ್ತೆಂದು ಕಾಣುತ್ತದೆ.

ಐವತ್ತರ ದಶಕದಲ್ಲಿ ಲೆಕ್ಕ ತಿರುವುಮುರುವಾಯಿತು. ಕನ್ನಡ ಚಿತ್ರಗಳು ತಯಾರಾಗುತ್ತಿದ್ದುದು ಮದರಾಸಿನಲ್ಲಿ. ಸ್ಟುಡಿಯೊ ಅಲ್ಲಿಯವರದು, ದುಡ್ಡೂ ಅಲ್ಲಿಯವರದು. ತೆಲುಗು, ತಮಿಳಿನ ಅದ್ದೂರಿ ಪೌರಾಣಿಕ ಚಿತ್ರಗಳಿಗೆ ಕನ್ನಡದ ಮಾತು ಹೊಂದಿಸಿ ಬಿಟ್ಟರೆ ಹೊಸ ಚಿತ್ರದ ಖರ್ಚಿನ ಒಂದು ಚೂರಿನಲ್ಲಿ ಕೆಲಸ ಮುಗಿಯುತ್ತಿತ್ತು. 'ಮಾಯಾಬಜಾರ್' ಕೂಡ ಹಾಗೆ ಕನ್ನಡ ಆಡಿದ ಚಿತ್ರವೇ. ಇತ್ತ ಕನ್ನಡದ ನಟರಿಗೆ ಕೆಲಸವಿಲ್ಲ. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿ, ಊರೂರು ತಿರುಗಿ ನಾಟಕ ಆಡಿದರು. 1960ರಲ್ಲಿ ತಾವೇ ಸೇರಿ 'ರಣಧೀರ ಕಂಠೀರವ' ತೆಗೆದರು. ಮೈಸೂರಿನ ಒಡೆಯರ ಕಥೆ. ಅದಕ್ಕೆ ಬರವಣಿಗೆಯ ಬಲ ಕೊಟ್ಟವರು ನಂಜನಗೂಡಿನ ಅಯ್ಯರ್. ಹೊಟ್ಟೆಪಾಡೂ ಸ್ವಾಭಿಮಾನವೂ ಸೇರಿದ ಸಾಹಸ ಅದು. ಅದರ ಬೆನ್ನಿಗೆ ಅ.ನ. ಕೃಷ್ಣರಾಯರು, ಮ. ರಾಮಮೂರ್ತಿ ಮುಂತಾದವರ ಕನ್ನಡ ಚಳವಳಿ ಬಂತು. ಡಬ್ಬಿಂಗ್ ಬೇಡ ಎಂಬ ಕೂಗು ಬೀದಿಗೆ ಬಂತು, ರಾಜಕುಮಾರ್ ಅದರ ಜೊತೆ ನಿಂತರು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಡಬ್ ಆದ ಚಿತ್ರಗಳು ನಿಂತುಹೋದವು. ಇದಕ್ಕೆ ಕಾನೂನು ಎಂಬುದೇನೂ ಇರಲಿಲ್ಲ, ಚಿತ್ರರಂಗದವರ ಕಟ್ಟು ಅಷ್ಟೆ. ಆ ಹೊತ್ತಿನಲ್ಲಿ ಅದು ಸರಿಯಾಗೇ ಇತ್ತೆಂದು ನನ್ನ ಎಣಿಕೆ. ಆ ಅಡ್ಡಗೋಡೆ ಇರದಿದ್ದರೆ ಎಪ್ಪತ್ತರ ದಶಕದ ಕನ್ನಡ ಸಿನಿಮಾ ಅಷ್ಟು ಹುಲುಸಾಗಿ ಬೆಳೆಯುತ್ತಿತ್ತೆಂದು ನಂಬುವುದು ಕಷ್ಟ.

ಅದೇ ಅರವತ್ತರ ದಶಕದ ಆರಂಭದಲ್ಲಿ ಭೂಮಿಯ ಆ ಕಡೆ, ಬ್ರೆಜಿಲ್‌ನಲ್ಲಿ, ಸರ್ಕಾರ ಇದಕ್ಕೆ ತದ್ವಿರುದ್ಧವಾದ ಆದೇಶ ಹೊರಡಿಸಿತು. ಟೆಲಿವಿಷನ್‌ನಲ್ಲಿ ಬರುವ ವಿದೇಶಿ ಚಿತ್ರಗಳು ಪೋರ್ಚುಗೀಸ್‌ನಲ್ಲೇ ಮಾತಾಡಬೇಕು. ಉದ್ದೇಶದಲ್ಲಿ ಎರಡಕ್ಕೂ ಅಂಥ ದೂರವಿಲ್ಲ. ನಮ್ಮವರಿಗೆ ಕೆಲಸ ಸಿಗಲಿ, ನಮ್ಮ ಭಾಷೆ ಕೇಳಲಿ. ಕರ್ನಾಟಕ ಬಾಗಿಲು ಹಾಕಿ ಅದನ್ನು ಸಾಧಿಸಲು ನೋಡಿತು, ಬ್ರೆಜಿಲ್ ಬಾಗಿಲಲ್ಲಿ ತನ್ನ ನಟರನ್ನು ಕೂರಿಸಿತು. ರಿಯೊ ಡಿ ಜನೈರೊದ ಹರ್ಬರ್ಟ್ ರಿಚರ್ಸ್ ಸ್ಟುಡಿಯೊ ಎಷ್ಟು ಚಿತ್ರಗಳಿಗೆ ಮಾತು ಕೊಟ್ಟಿತೆಂದರೆ, ಪ್ರತಿ ಚಿತ್ರದ ಮೊದಲಿಗೆ ಕೇಳುತ್ತಿದ್ದ ಅದರ ಹೆಸರಿನ ಘೋಷಣೆ ಆ ದೇಶದ ಒಂದಿಡೀ ತಲೆಮಾರಿಗೆ ಬಾಯಿಪಾಠ. ಅಲ್ಲಿ ಕಂಠ ಕೊಡುವವರು ನಟರಾಗಿ ನೋಂದಾಯಿಸಿಕೊಂಡಿರಬೇಕು. ರೇಡಿಯೊ ನಾಟಕಗಳಿಂದ ಬಂದ ಓರ್ಲಾಂಡೊ ಡ್ರುಮೊಂಡ್ ಎಂಬವರು ಸ್ಕೂಬಿ-ಡೂ ಎಂಬ ಕಾರ್ಟೂನ್ ನಾಯಿಗೆ ಮೂವತ್ತೈದು ವರ್ಷ ದನಿಯಾಗಿ ಗಿನ್ನೆಸ್ ದಾಖಲೆಗೆ ಸೇರಿದರು. ಪಾಪಾಯ್‌ಗೂ ಅವರೇ. 2021ರಲ್ಲಿ, ನೂರೊಂದನೆಯ ವಯಸ್ಸಿನಲ್ಲಿ ತೀರಿಕೊಂಡಾಗ ದೇಶವೇ ಮನೆಯ ಹಿರಿಯನನ್ನು ಕಳೆದುಕೊಂಡಂತೆ ಮಾತಾಡಿಕೊಂಡಿತು. ಇಸಾಕ್ ಬಾರ್ದಾವಿಡ್ ಎಂಬ ಇನ್ನೊಬ್ಬರು ವರ್ಷಾನುಗಟ್ಟಲೆ ವುಲ್ವರಿನ್ ಪಾತ್ರಕ್ಕೆ ಮಾತಾದವರು. 2017ರಲ್ಲಿ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಅವರೂ ಆ ಪಾತ್ರದ ನಟ ಹ್ಯೂ ಜಾಕ್‌ಮನ್ನರೂ ಎದುರುಬದುರಾದರು. ಮುಖ ಮತ್ತು ದನಿ ಒಂದನ್ನೊಂದು ಅಪ್ಪಿಕೊಂಡ ಆ ದೃಶ್ಯವನ್ನು ಬ್ರೆಜಿಲ್‌ನವರು ಮತ್ತೆ ಮತ್ತೆ ನೋಡಿದರು.

ನಮ್ಮಲ್ಲಿ ಅಂಥ ಒಂದು ಭೇಟಿಯನ್ನು ಊಹಿಸಿಕೊಳ್ಳಿ. ಕನ್ನಡದಲ್ಲಿ ಮಾತಾಡಿದ ಯಾವ ಕಂಠದ ಹೆಸರನ್ನು ನೀವು ಥಟ್ಟನೆ ಹೇಳಬಲ್ಲಿರಿ?

ಕಂಠಗಳಿರಲಿಲ್ಲ ಎಂದೇನಲ್ಲ. ಡಬ್ಬಿಂಗ್ ನಿಷಿದ್ಧವಾಗಿದ್ದ ಅಷ್ಟೂ ವರ್ಷ ಕನ್ನಡ ಚಿತ್ರರಂಗ ಡಬ್ಬಿಂಗ್ ಮಾಡುತ್ತಲೇ ಇತ್ತು, ತನ್ನದೇ ಚಿತ್ರಗಳ ಒಳಗೆ. ಆಂಧ್ರದಿಂದಲೋ ಕೇರಳದಿಂದಲೋ ಬಂದ ನಾಯಕಿ ಕ್ಯಾಮೆರಾ ಎದುರು ತನಗೆ ಬಂದಂತೆ ತುಟಿ ಆಡಿಸುತ್ತಾಳೆ. ಆಮೇಲೆ ಕತ್ತಲ ಕೋಣೆಯೊಂದರಲ್ಲಿ ಕನ್ನಡದ ಹೆಣ್ಣುಮಗಳೊಬ್ಬಳು ಅವಳಿಗೆ ಅಳು, ನಗು, ಸಿಟ್ಟು ಎಲ್ಲವನ್ನೂ ಕೊಡುತ್ತಾಳೆ. ಮಾಧವಿ, ಗಾಯತ್ರಿ, ಜಯಪ್ರದಾ, ಅಂಬಿಕಾ, ಸುಮಲತಾ ಇವರೆಲ್ಲ ಒಂದಲ್ಲ ಒಂದು ಚಿತ್ರದಲ್ಲಿ ಒಂದೇ ಗಂಟಲಿನಿಂದ ಮಾತಾಡಿದವರು. ಆ ಗಂಟಲು ಬಿ. ಜಯಶ್ರೀ ಅವರದು. ಗುಬ್ಬಿ ವೀರಣ್ಣನವರ ಮೊಮ್ಮಗಳು. 'ಸ್ಪಂದನ' ತಂಡ ಕಟ್ಟಿ ರಂಗಭೂಮಿಯಲ್ಲಿ ದುಡಿದು, ಮೈಸೂರಿನ ರಂಗಾಯಣದ ನಿರ್ದೇಶಕಿಯಾಗಿ, 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡು, 2013ರಲ್ಲಿ ಪದ್ಮಶ್ರೀ ಪಡೆದವರು. ಈ ಗೌರವಗಳೆಲ್ಲ ಬಂದದ್ದು ರಂಗಭೂಮಿಯ ಹೆಸರಿನಲ್ಲಿ. ರಾಜಕುಮಾರ್ ಎದುರಿನ ನಾಯಕಿ ತಮ್ಮ ಮನೆಯ ಹುಡುಗಿಯಂತೆ ಮಾತಾಡುತ್ತಾಳೆ ಎಂದು ನಂಜನಗೂಡಿನ ಟಾಕೀಸಿನಲ್ಲಿ ಕೂತು ಮೆಚ್ಚಿದವರಿಗೆ, ಆ ಮಾತು ಇವರದು ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು.

ಅಯ್ಯರ್ ಬಂದದ್ದು ಗುಬ್ಬಿ ಕಂಪನಿಯಿಂದ, ರಾಜಕುಮಾರ್ ಬಂದದ್ದು ಅಲ್ಲಿಂದ, ಕಂಠದಾನದ ರಾಣಿ ಬಂದದ್ದೂ ಅದೇ ಮನೆತನದಿಂದ. ಮೈಕಿಲ್ಲದೆ ರಾತ್ರಿಯಿಡೀ ಕೂಗಿ ಹಾಡಿ ಮಾತಾಡಿದವರ ಪರಂಪರೆ ಅದು. ಬ್ರೆಜಿಲ್‌ನವರಿಗೆ ರೇಡಿಯೊ ಇದ್ದಂತೆ ನಮಗೆ ಕಂಪನಿ ನಾಟಕ ಇತ್ತು. ರೇಡಿಯೊ ಬೇಕೆಂದರೆ ಅದೂ ಕೈಗೆಟುಕುವ ದೂರದಲ್ಲೇ ಇತ್ತು. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲೇ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಶುರುಮಾಡಿದ್ದರು.

ಹಾಡಿನ ವಿಷಯದಲ್ಲಿ ನಮಗೆ ಎಂದೂ ಈ ಮುಜುಗರ ಇರಲಿಲ್ಲ ಎನ್ನುವುದೊಂದು ವಿಚಿತ್ರ. ಕಾಕಿನಾಡದ ಪಿ.ಬಿ. ಶ್ರೀನಿವಾಸ್ ಹಾಡಿದರೆ ರಾಜಕುಮಾರ್ ತುಟಿ ಆಡಿಸುತ್ತಿದ್ದರು. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಅಣ್ಣಾವ್ರು ತಾವೇ ಹಾಡುವವರೆಗೆ ಆ ಜೋಡಿಯನ್ನು ಜನ ಒಂದೇ ಜೀವ ಎಂದುಕೊಂಡಿದ್ದರು. ಹಿನ್ನೆಲೆ ಗಾಯಕನ ಹೆಸರು ಪೋಸ್ಟರಿನಲ್ಲಿ ಬರುತ್ತದೆ, ಸನ್ಮಾನ ಆಗುತ್ತದೆ, ರಸ್ತೆಗೂ ಇಡುತ್ತಾರೆ. ಹಿನ್ನೆಲೆ ಮಾತುಗಾರನನ್ನು ಬಚ್ಚಿಡುತ್ತಾರೆ. ನಟಿಯ ದನಿ ಅವಳದಲ್ಲ ಎಂದು ಗೊತ್ತಾದರೆ ಮಾಯೆ ಒಡೆಯುತ್ತದೆಂಬ ಭಯವಿರಬೇಕು.

ಕೆಲಸದ ಕಷ್ಟವನ್ನು ಒಮ್ಮೆ ನೋಡಿ. ಫಿಲ್ಮಿನ ಕಾಲದಲ್ಲಿ ದೃಶ್ಯವನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡಿನ ಎರಡು ತುದಿಗಳನ್ನು ಅಂಟಿಸಿ ಲೂಪ್ ಮಾಡುತ್ತಿದ್ದರು. ಅದೇ ಮಾತು ತೆರೆಯ ಮೇಲೆ ತಿರುತಿರುಗಿ ಬರುತ್ತಿತ್ತು. ಚಿತ್ರೀಕರಣದಲ್ಲಿ ಹಿಡಿದ ಒರಟು ಧ್ವನಿ, ಅಂದರೆ ಪೈಲಟ್ ಟ್ರ್ಯಾಕ್, ಕಿವಿಯಲ್ಲಿ, ತುಟಿ ಕಣ್ಣೆದುರು, ಹಾಳೆ ಕೈಯಲ್ಲಿ. ಈಗ ಲೂಪ್ ಹೋಗಿ ಕಂಪ್ಯೂಟರ್ ಬಂದಿದೆ. ಉಸಿರು ಬದಲಾಗಿಲ್ಲ. ಪ, ಬ, ಮ ಬಂದಲ್ಲಿ ತುಟಿ ಮುಚ್ಚಲೇಬೇಕು. ತೆರೆಯ ಮೇಲಿನವಳು ತುಟಿ ಮುಚ್ಚಿದಾಗ ನೀವು 'ಆಗಲಿ' ಎಂದು ಬಾಯಿ ತೆರೆದಿದ್ದರೆ ಟಾಕೀಸಿನ ಕೊನೆಯ ಬೆಂಚಿನವನಿಗೂ ಗೊತ್ತಾಗುತ್ತದೆ. ಅದಕ್ಕೇ ಸಂಭಾಷಣೆಕಾರ ಅರ್ಥಕ್ಕಿಂತ ಮೊದಲು ಅಕ್ಷರ ಎಣಿಸುತ್ತಾನೆ. ತೆಲುಗಿನಿಂದ ಬರುವಾಗ ಕೆಲಸ ಹಗುರ, ಎರಡೂ ಭಾಷೆಯ ಪದಗಳು ಸ್ವರದಲ್ಲೇ ಮುಗಿಯುತ್ತವೆ. ತಮಿಳಿನಲ್ಲಿ 'ವಂದಾನ್' ಎಂದು ನಾಲಿಗೆ ಮೇಲಕ್ಕೆ ಅಂಟಿ ನಿಲ್ಲುವಲ್ಲಿ ನಮ್ಮ 'ಬಂದ' ಬಾಯಿ ತೆರೆದೇ ಇರುತ್ತದೆ. ಇಂಗ್ಲಿಷಿನದು ಇನ್ನೊಂದು ಪೇಚು. ಅಲ್ಲಿ ನಿರಾಕರಣೆ ವಾಕ್ಯದ ಆರಂಭದಲ್ಲೇ ಬರುತ್ತದೆ, ನಟ ಅಲ್ಲೇ ಮೇಜು ಗುದ್ದುತ್ತಾನೆ. ನಮ್ಮ 'ಇಲ್ಲ' ಬರುವುದು ಕೊನೆಗೆ. ಅಷ್ಟರಲ್ಲಿ ಗುದ್ದಿದ ಕೈ ಜೇಬಿಗೆ ಹೋಗಿರುತ್ತದೆ. ಆ ಗುದ್ದಿಗೊಂದು ಮಾತು ಹುಡುಕುವವನು ಭಾಷಾಂತರಕಾರನಿಗಿಂತ ಒಂದು ಕೈ ಮೇಲು.

ಈ ಕತ್ತಲ ಕೋಣೆಯಿಂದ ಬೆಳಕಿಗೆ ಬಂದು, ಕನ್ನಡದಲ್ಲೇ ನೆಲೆ ಕಂಡವರೂ ಇದ್ದಾರೆ, ಆದರೆ ಅವರು ಬಂದದ್ದು ತೆಲುಗಿನಿಂದ. ಸಾಯಿಕುಮಾರ್ ಅವರ ತಂದೆ ಪಿ.ಜೆ. ಶರ್ಮ ಡಬ್ಬಿಂಗ್ ಕಲಾವಿದರು. ಮಗ ತೆಲುಗಿನಲ್ಲಿ ಸುಮನ್, ರಾಜಶೇಖರ್ ಅವರಿಗೆ ದನಿಯಾದರು. ಪೊಲೀಸ್ ಪಾತ್ರದ ರಾಜಶೇಖರ್ ಗುಡುಗಿದಾಗ ಜನ ಚಪ್ಪಾಳೆ ತಟ್ಟುತ್ತಿದ್ದುದು ಸಾಯಿಕುಮಾರ್‌ಗೆ. 1996ರಲ್ಲಿ ಥ್ರಿಲ್ಲರ್ ಮಂಜು ಅವರ 'ಪೊಲೀಸ್ ಸ್ಟೋರಿ'ಯಲ್ಲಿ ಆ ದನಿಗೆ ಖಾಕಿ ತೊಡಿಸಿ ನಿಲ್ಲಿಸಿದಾಗ ಕನ್ನಡಿಗರು ಬೆಚ್ಚಿಬಿದ್ದರು. ತಮ್ಮ ರವಿಶಂಕರ್ ಅವರದೂ ಅದೇ ದಾರಿ. ತೆಲುಗಿನ 'ಅರುಂಧತಿ'ಯಲ್ಲಿ ಸೋನು ಸೂದ್‌ಗೆ ಭಯಂಕರ ದನಿ ಕೊಟ್ಟು, 2011ರ 'ಕೆಂಪೇಗೌಡ'ದಲ್ಲಿ ಆರ್ಮುಗಂ ಆಗಿ ಇಲ್ಲಿ ಮನೆಮಾತಾದರು. ಮುಖಕ್ಕಿಂತ ಮುಂಚೆ ಕಂಠ ಪಳಗಿದವರು ತೆರೆಗೆ ಬಂದಾಗ ಮಾತಿನ ತೂಕವೇ ಬೇರೆ. ಆ ಪಳಗುವ ಗರಡಿ ತೆಲುಗಿನಲ್ಲಿತ್ತು. ನಾವು ನಮ್ಮದನ್ನು ನಾಯಕಿಯರ ಮಟ್ಟಿಗೆ ಮಾತ್ರ ಉಳಿಸಿಕೊಂಡಿದ್ದೆವು.

ಡಬ್ಬಿಂಗಿಗೆ ಅಡ್ಡ ಕಟ್ಟಿದ್ದ ಗೋಡೆ ಬಿರುಕು ಬಿಟ್ಟದ್ದು ಮಕ್ಕಳ ಕಡೆಯಿಂದ. 2009ರಲ್ಲಿ ಚಿಂಟು ಟಿ.ವಿ. ಶುರುವಾಗಿ ಹೊರಗಿನ ಕಾರ್ಟೂನುಗಳು ಕನ್ನಡದಲ್ಲಿ ಮಾತಾಡತೊಡಗಿದವು. ಬೊಂಬೆ ತಾನೇ ಎಂದು ಚಿತ್ರರಂಗದವರು ಸುಮ್ಮನಿದ್ದರೋ ಏನೋ. 2012ರಲ್ಲಿ ಆಮಿರ್ ಖಾನ್ ಅವರ 'ಸತ್ಯಮೇವ ಜಯತೆ' ದೇಶದ ಹಲವು ಭಾಷೆಗಳಲ್ಲಿ ಬಂದು ಕನ್ನಡದ ಟಿ.ವಿ.ಯಲ್ಲಿ ಮಾತ್ರ ಬರಲಿಲ್ಲ. ಕನ್ನಡದ ದನಿಯನ್ನು ಯೂಟ್ಯೂಬ್‌ನಲ್ಲಿ ಹುಡುಕಿಕೊಂಡು ನೋಡಬೇಕಾಯಿತು. ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2015ರ ಜುಲೈನಲ್ಲಿ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ಚಲನಚಿತ್ರ ವಾಣಿಜ್ಯ ಮಂಡಳಿ ಮುಂತಾದವಕ್ಕೆ ದಂಡ ಹಾಕಿತು. 2017ರ ಮಾರ್ಚ್‌ನಲ್ಲಿ ತಮಿಳಿನ ಅಜಿತ್ 'ಸತ್ಯದೇವ್ ಐಪಿಎಸ್' ಆಗಿ ಕನ್ನಡ ಆಡಿದರು. 2019ರಲ್ಲಿ ತೆಲುಗಿನ 'ಸೈರಾ' ಕನ್ನಡದಲ್ಲಿ ಬಂತು, 'ದಬಂಗ್ 3'ಕ್ಕೆ ಸಲ್ಮಾನ್ ಖಾನ್ ತಾವೇ ಕನ್ನಡ ಆಡಿದರು. 'ಆರ್‌ಆರ್‌ಆರ್'ನಲ್ಲಿ ಜೂನಿಯರ್ ಎನ್‌ಟಿಆರ್ ಕೂಡ ಹಾಗೆಯೇ. ಕುಂದಾಪುರದ ತಾಯಿಯ ಮಗನಾದ್ದರಿಂದ ನಾಲಿಗೆ ಚೆನ್ನಾಗೇ ತಿರುಗಿತು. ಜೇಮ್ಸ್ ಕ್ಯಾಮರೂನರ 'ಅವತಾರ್'ನ ಎರಡನೆಯ ಭಾಗ 2022ರಲ್ಲಿ ಕನ್ನಡದಲ್ಲೂ ಬಂತು. ಅಲ್ಲಿ ಬೇರೆ ಗ್ರಹದವರಿಗೂ ಕನ್ನಡ ಬರುತ್ತಿತ್ತು. ಇತ್ತ 'ಕೆಜಿಎಫ್' ಹಿಂದಿಯಲ್ಲಿ ಗುಡುಗಿದ್ದು ಮುಂಬೈನ ಸಚಿನ್ ಗೋಲೆ ಎಂಬವರ ಗಂಟಲಿನಿಂದ. ನಮ್ಮ ಯಶ್ ಉತ್ತರದವರ ಎದೆಗೆ ತಲುಪಿದ್ದರಲ್ಲಿ ಅವರದೂ ಪಾಲಿದೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದದ್ದು 2020ರ ಲಾಕ್‌ಡೌನ್. ಧಾರಾವಾಹಿಗಳ ಚಿತ್ರೀಕರಣ ನಿಂತು ವಾಹಿನಿಗಳಿಗೆ ತೋರಿಸಲು ಏನೂ ಉಳಿಯಲಿಲ್ಲ. ಸ್ಟಾರ್ ಸುವರ್ಣ ಹಿಂದಿಯ 'ಮಹಾಭಾರತ'ವನ್ನು ಕನ್ನಡದಲ್ಲಿ ಹಾಕಿತು. ಐವತ್ತು ವರ್ಷಗಳ ವಾದವನ್ನು ಮನೆಯೊಳಗೆ ಕೂತ ಜನ ಕೆಲವೇ ವಾರಗಳಲ್ಲಿ ಮುಗಿಸಿಬಿಟ್ಟರು.

ಬೇಕೇ ಬೇಡವೇ ಎಂಬುದು ಮುಗಿದ ಮೇಲೆ ಯಾವ ಕನ್ನಡ ಎಂಬುದು ಎದ್ದು ನಿಂತಿದೆ. ಇವತ್ತಿನ ಬಹುಪಾಲು ಡಬ್ ಚಿತ್ರಗಳಲ್ಲಿ ರೌಡಿಯೂ ಪೊಲೀಸನೂ ತರಕಾರಿ ಮಾರುವವಳೂ ಒಂದೇ ಪಾಠಪುಸ್ತಕ ಓದುತ್ತಾರೆ. 'ಇಲ್ಲಿಂದ ಹೊರಟುಹೋಗು, ಇಲ್ಲವಾದರೆ ನಿನ್ನನ್ನು ಸುಮ್ಮನೆ ಬಿಡುವುದಿಲ್ಲ' ಎಂದು ಕೊಲೆಗಾರ ವ್ಯಾಕರಣ ತಪ್ಪದೆ ಬೆದರಿಸುತ್ತಾನೆ. ನಂಜನಗೂಡು ಕಡೆಯವನಾದರೆ 'ಹೋಗ್ಲಾ ಅತ್ತಗ, ಇಲ್ದೆವೋದ್ರ ಸುಮ್ನ ಬುಡಲ್ಲ ಕನ' ಎಂದಾನು, ತುಟಿ ಹೊಂದಿಸುವವನಿಗೂ ಎರಡು ಅಕ್ಷರ ಉಳಿದೀತು. ಇಲ್ಲಿನ ಮಾತು ಬರವಣಿಗೆಗೆ ಒಗ್ಗುವುದಿಲ್ಲ ಎನ್ನಲು ಬರುವಂತಿಲ್ಲ. ಇದೇ ತಾಲ್ಲೂಕಿನ ದೇವನೂರಿನ ಮಹಾದೇವ ಅವರು ಈ ಸೀಮೆಯ ಆಡುಮಾತಿನಲ್ಲೇ 'ಕುಸುಮಬಾಲೆ' ಬರೆದು 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದರು. ಬ್ರೆಜಿಲ್‌ನಲ್ಲೂ ಇದೇ ಗೊಣಗಾಟ ಇದೆ. ರಿಯೊ, ಸಾವೊಪೌಲೊ ಸ್ಟುಡಿಯೊಗಳ ನಯವಾದ ಉಚ್ಚಾರವೇ ಎಲ್ಲ ಕಡೆ, ಈಶಾನ್ಯದ ಬಡ ರಾಜ್ಯಗಳ ಧಾಟಿ ಕೇಳುವುದು ಅಪರೂಪ. ನಮ್ಮ ಧಾಟಿಗಳನ್ನು ಬೆಂಗಳೂರು ಹಾಸ್ಯಪಾತ್ರಕ್ಕೆ ಮೀಸಲಿಟ್ಟಿದೆ, ಅಷ್ಟೇ ವ್ಯತ್ಯಾಸ.

ಇಲ್ಲಿ ಅಯ್ಯರ್ ಮತ್ತೆ ನೆನಪಾಗುತ್ತಾರೆ. 'ರಣಧೀರ ಕಂಠೀರವ'ಕ್ಕೆ ಕನ್ನಡದ ಕೆಚ್ಚು ಬರೆದ ಅದೇ ಮನುಷ್ಯ 1983ರಲ್ಲಿ 'ಆದಿ ಶಂಕರಾಚಾರ್ಯ'ವನ್ನು ಸಂಸ್ಕೃತದಲ್ಲಿ ತೆಗೆದರು. ಸಂಸ್ಕೃತದ ಮೊದಲ ಚಿತ್ರ, ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಬಳಿಕ ಮಧ್ವಾಚಾರ್ಯರನ್ನು ಕನ್ನಡದಲ್ಲಿ, ರಾಮಾನುಜಾಚಾರ್ಯರನ್ನು ತಮಿಳಿನಲ್ಲಿ ತಂದರು. ಒಬ್ಬೊಬ್ಬ ಆಚಾರ್ಯರಿಗೆ ಒಂದೊಂದು ನಾಲಿಗೆ. ಪಾತ್ರ ಯಾವುದೋ ಅದರ ಬಾಯಿಗೆ ತಕ್ಕ ಮಾತು ಎಂಬ ನಿಯಮವನ್ನು ಬರಿಗಾಲಲ್ಲೇ ತಿರುಗುತ್ತಿದ್ದ ಆ ನಿರ್ದೇಶಕ ಹಟದಿಂದ ಪಾಲಿಸಿದರು. ಡಬ್ಬಿಂಗ್ ಸಂಭಾಷಣೆ ಬರೆಯುವವರಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ತೋಚುವುದಿಲ್ಲ.

ಕಂಠಕ್ಕೂ ಮುಖಕ್ಕೂ ಇರುವ ನಂಟು ಕನ್ನಡಿಗರಿಗೆ ಒಮ್ಮೆ ಕರುಳು ಹಿಂಡುವಂತೆ ಅರಿವಾದದ್ದು 2022ರ ಮಾರ್ಚ್ 17ರಂದು. ಪುನೀತ್ ರಾಜಕುಮಾರ್ ಅವರ 'ಜೇಮ್ಸ್' ಅವರಿಲ್ಲದೆ ತೆರೆಗೆ ಬಂತು. ಡಬ್ಬಿಂಗ್ ಮುಗಿಸುವ ಮುನ್ನವೇ ಅವರು ಹೋಗಿದ್ದರು. ಅಣ್ಣ ಶಿವರಾಜಕುಮಾರ್ ತಮ್ಮನ ತುಟಿಗೆ ಮಾತಾದರು. ಚಿತ್ರಮಂದಿರದಲ್ಲಿ ಅಪ್ಪು ಬಾಯಿ ತೆರೆದಾಗ ಶಿವಣ್ಣ ಕೇಳಿಸುತ್ತಿದ್ದರು, ಜನ ಅಳುತ್ತಿದ್ದರು. ಮರುತಿಂಗಳು ತಂತ್ರಜ್ಞಾನದ ನೆರವಿನಿಂದ ಪುನೀತ್ ಅವರದೇ ದನಿಯನ್ನು ಮರಳಿ ಮೂಡಿಸಿ ಚಿತ್ರವನ್ನು ಹೊಸದಾಗಿ ಬಿಟ್ಟರು. ಮರುವರ್ಷ ಧ್ರುವ ಸರ್ಜಾ, ತೀರಿಕೊಂಡ ಅಣ್ಣ ಚಿರಂಜೀವಿಯ 'ರಾಜಮಾರ್ತಾಂಡ'ಕ್ಕೆ ಹೀಗೆಯೇ ದನಿಯಾದರು. ಯಂತ್ರದ ದನಿ ನಿಖರವಾಗಿತ್ತು, ಆದರೂ ನನ್ನ ಮಟ್ಟಿಗೆ ಅಣ್ಣ ಆಡಿದ 'ಜೇಮ್ಸ್' ಹೆಚ್ಚು ನಿಜವಾಗಿ ಕೇಳಿಸಿತ್ತು. ಮಾತು ಬೇರೆಯವರದೆಂದು ಎಲ್ಲರಿಗೂ ಗೊತ್ತಿದ್ದೂ ಯಾರ ಮಾಯೆಯೂ ಒಡೆಯಲಿಲ್ಲ.

ಅದೇ ಯಂತ್ರ ಈಗ ಹೆಸರಿಲ್ಲದ ಕಲಾವಿದರ ಬಾಗಿಲಿಗೂ ಬಂದಿದೆ. ಒಮ್ಮೆ ಆಡಿದ ದನಿಯನ್ನು ಮಾದರಿಯಾಗಿ ಇಟ್ಟುಕೊಂಡು ಮುಂದಿನ ನೂರು ಪಾತ್ರಗಳನ್ನು ಅದರಿಂದಲೇ ಆಡಿಸಬಹುದು. ಬ್ರೆಜಿಲ್‌ನ ಕಲಾವಿದರು ಇದರ ವಿರುದ್ಧ ಒಟ್ಟಾಗಿ ಕಾನೂನು ಕೇಳುತ್ತಿದ್ದಾರೆ. ಕೇಳುವ ಶಕ್ತಿ ಅವರಿಗೆ ಬಂದದ್ದು ಜನರಿಗೆ ಅವರ ಹೆಸರು ಗೊತ್ತಿದ್ದುದರಿಂದ. ನಮ್ಮಲ್ಲಿ ದಿನಗೂಲಿಯ ಲೆಕ್ಕದಲ್ಲಿ ಬಂದು ಆಡಿ ಹೋಗುವವನು ಸಹಿ ಹಾಕುವ ಕಾಗದದಲ್ಲಿ ತನ್ನ ದನಿ ಎಷ್ಟು ದಿನ ಯಾರದ್ದಾಗಿರುತ್ತದೆ ಎಂದು ಬರೆದಿದೆಯೇ ನೋಡಿಕೊಳ್ಳುವುದು ಒಳ್ಳೆಯದು.

ನಂಜನಗೂಡು, ನರಸೀಪುರ ತಾಲ್ಲೂಕಿನ ಊರುಗಳಲ್ಲಿ ಈಗಲೂ 'ಕುರುಕ್ಷೇತ್ರ' ನಾಟಕ ಕಟ್ಟುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕೂತು ಕಲಿಸುತ್ತಾರೆ. ಹಗಲು ಭತ್ತದ ಗದ್ದೆಯಲ್ಲಿದ್ದವನು ರಾತ್ರಿ ದುರ್ಯೋಧನನಾಗಿ ಬೆಳಗಿನ ಜಾವದವರೆಗೆ ಒಂದೇ ಶ್ರುತಿಯಲ್ಲಿ ಆರ್ಭಟಿಸುತ್ತಾನೆ. 'ಮಹಾಭಾರತ' ಟಿ.ವಿ.ಯಲ್ಲಿ ಕನ್ನಡ ಆಡಿದಾಗ ದುರ್ಯೋಧನನ ಕಂಠ ಸಾಲದೆಂದು ಮೂಗು ಮುರಿಯುವ ಹಕ್ಕು ಅಂಥವರಿಗಿತ್ತು. ಬೆಂಗಳೂರಿನ ಸ್ಟುಡಿಯೊಗಳಿಗೆ ಇಲ್ಲಿಂದ ಬರೀ ಮೂರ್ನಾಲ್ಕು ಗಂಟೆಯ ಹಾದಿ. ಕಂಠ ಪರೀಕ್ಷೆಗೆ ಅವರನ್ನು ಕರೆದವರು ಮಾತ್ರ ಇಲ್ಲ.